ಮೆಥಡ್ ಎಲ್ಲಿ ಕೈಕೊಡುತ್ತದೆ ಎಂದು ತರಬೇತಿಯಲ್ಲೇ ತೋರಿಸಿ

ಮಾನ್ಯ ಸಂಪಾದಕರೇ,

ಔಷಧದ ಗುಣಮಟ್ಟದ ಸುದ್ದಿ ಬಂದಾಗಲೆಲ್ಲ ಮಾತು ಕಾರ್ಖಾನೆಯ ಸುತ್ತಲೇ ನಡೆಯುತ್ತದೆ. ಮಾತ್ರೆಯನ್ನು ಪರೀಕ್ಷೆ ಮಾಡುವ ವಿಧಾನ ಗಟ್ಟಿಯಾಗಿದೆಯೇ ಎಂದು ಕೇಳುವವರು ಕಡಿಮೆ. ನಾನು ಔಷಧ ಪರೀಕ್ಷಾ ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ ಯಂತ್ರದ ಮೇಲೆ ಕೆಲಸ ಮಾಡುವವಳು. ಹೊಸದಾಗಿ ಸೇರಿದವರಿಗೆ ಹೇಳಿಕೊಡುವುದೂ ನನ್ನ ಪಾಲಿಗೆ ಬರುತ್ತದೆ. ಲಿಕ್ವಿಡ್ ಕ್ರೊಮ್ಯಾಟೊಗ್ರಫಿ ಮೆಥಡ್, ಅಂದರೆ ಈ ಯಂತ್ರದಲ್ಲಿ ಪರೀಕ್ಷೆ ಮಾಡುವ ವಿಧಾನ, ರೂಪಿಸುವ ಬಗ್ಗೆ ಈಗ ಸಾಕಷ್ಟು ತರಬೇತಿಗಳು ನಡೆಯುತ್ತಿವೆ. ಅವು ಕಲಿಸುವ ಕ್ರಮ ಬದಲಾಗಬೇಕು ಅನ್ನುವುದಕ್ಕೇ ಈ ಪತ್ರ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಔಷಧವನ್ನು ಕರಗಿಸಿ, ಒತ್ತಡದಲ್ಲಿ ಹರಿಯುವ ದ್ರಾವಣದ ಜೊತೆ ಸಣ್ಣ ಕಣಗಳು ತುಂಬಿದ ಕೊಳವೆಯಾದ ಕಾಲಮ್ ಮೂಲಕ ಸಾಗಿಸುತ್ತೇವೆ. ಔಷಧ ಒಂದು ಹೊತ್ತಿಗೆ, ಅದರಲ್ಲಿರುವ ಕಲ್ಮಶ ಇನ್ನೊಂದು ಹೊತ್ತಿಗೆ ಹೊರಬಂದು ಗ್ರಾಫಿನಲ್ಲಿ ಬೇರೆ ಬೇರೆ ಪೀಕ್ (ಶಿಖರ) ಆಗಿ ಕಾಣುತ್ತವೆ. ಎರಡೂ ಅಂಟಿಕೊಂಡರೆ ಕಲ್ಮಶ ಎಷ್ಟಿದೆ ಎಂದು ನಂಬಿಕೆಯಿಂದ ಹೇಳಲು ಆಗುವುದಿಲ್ಲ.

ನಮ್ಮಲ್ಲಿಗೆ ಬೇರೊಂದು ಲ್ಯಾಬಿನಿಂದ ಒಂದು ಮೆಥಡ್ ಬಂತು. ವ್ಯಾಲಿಡೇಶನ್, ಅಂದರೆ ಮೆಥಡ್ ತನ್ನ ಕೆಲಸಕ್ಕೆ ತಕ್ಕದ್ದೆಂದು ತೋರಿಸುವ ಪರೀಕ್ಷೆ, ಮುಗಿದಿತ್ತು, ಕಾಗದಪತ್ರವೆಲ್ಲ ಸರಿಯಿತ್ತು. ಆದರೆ ಒಂದು ದಿನ ಕಲ್ಮಶದ ಪೀಕ್ ದೂರ ನಿಂತರೆ ಮರುದಿನ ಔಷಧದ ಪೀಕಿಗೆ ಅಂಟಿಕೊಳ್ಳುತ್ತಿತ್ತು. ಪಂಪ್ ನೋಡಿದೆವು, ಕಾಲಮ್ ಬದಲಿಸಿದೆವು. ಕಾರಣ ಇದ್ದದ್ದು ಬಫರಿನಲ್ಲಿ, ಅಂದರೆ ಪಿಎಚ್ (ಆಮ್ಲೀಯತೆಯ ಅಳತೆ) ಸ್ಥಿರವಾಗಿಡಲು ಬೆರೆಸುವ ದ್ರಾವಣದಲ್ಲಿ. ಔಷಧ ಒಂದು ದುರ್ಬಲ ಬೇಸ್, ಪಿಕೆಎ (ಅರ್ಧದಷ್ಟು ಅಣುಗಳು ಅಯಾನು ಆಗಿರುವ ಪಿಎಚ್) 4.8ರ ಹತ್ತಿರ. ಮೊಬೈಲ್ ಫೇಸಿನ, ಅಂದರೆ ಹರಿಯುವ ದ್ರಾವಣದ, ಪಿಎಚ್ 4.7. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಅಣುಗಳು ಅಯಾನು ಆಗಿರುವ ಜಾಗ. ಅಲ್ಲಿ ಪಿಎಚ್ 0.1 ಅತ್ತಿತ್ತ ಆದರೂ ಪೀಕ್ ಸರಿಯುತ್ತದೆ. ಸಾಲದ್ದಕ್ಕೆ ಬಳಸಿದ್ದು ಫಾಸ್ಫೇಟ್. ಅದರ ಪಿಕೆಎಗಳು ಸುಮಾರು 2.1 ಮತ್ತು 7.2. ಬಫರ್ ಪಿಎಚ್ ಹಿಡಿದಿಡುವುದು ತನ್ನ ಪಿಕೆಎ ಹತ್ತಿರವೇ, ಹಾಗಾಗಿ ನಡುವಿನ 4.7ರಲ್ಲಿ ಅದಕ್ಕೆ ಪಿಎಚ್ ಹಿಡಿದಿಡುವ ಶಕ್ತಿ ಇಲ್ಲವೆಂದೇ ಹೇಳಬೇಕು. ಪಿಎಚ್ ಅನ್ನು 2.7ಕ್ಕೆ ಇಳಿಸಿದ ಮೇಲೆ ಪೀಕ್‌ಗಳು ನಿಂತ ಜಾಗದಲ್ಲಿ ನಿಂತವು. ಔಷಧ ಬೇಗ ಹೊರಬರತೊಡಗಿದ್ದರಿಂದ ಮೊಬೈಲ್ ಫೇಸಿಗೆ ಬೆರೆಸುವ ದ್ರಾವಕವಾದ ಅಸಿಟೋನೈಟ್ರೈಲ್ ಕಡಿಮೆ ಮಾಡಬೇಕಾಯಿತು. ವ್ಯಾಲಿಡೇಶನ್ ಮತ್ತೆ ಮಾಡಬೇಕಾಯಿತು. ಇದನ್ನೆಲ್ಲ ಮೆಥಡ್ ಬರೆಯುವ ಮೊದಲೇ ಕಾಗದದ ಮೇಲೆ ಕಂಡುಕೊಳ್ಳಬಹುದಿತ್ತು ಅಲ್ವಾ?

ತೊಂದರೆ ಇರುವುದು ಇಲ್ಲೇ. ಮೆಥಡ್ ಸಣ್ಣಪುಟ್ಟ ವ್ಯತ್ಯಾಸ ತಡೆಯುತ್ತದೆಯೇ ಅನ್ನುವ ಪರೀಕ್ಷೆಯನ್ನು ಬಹಳ ಕಡೆ ಕೊನೆಗೆ, ವ್ಯಾಲಿಡೇಶನ್ ವರದಿಯ ಒಂದು ಸಾಲು ತುಂಬಿಸಲು ಮಾಡುತ್ತಾರೆ. ಔಷಧ ನಿಯಮಗಳನ್ನು ಜಗತ್ತಿನ ಮಟ್ಟದಲ್ಲಿ ಹೊಂದಿಸುವ ಐಸಿಎಚ್ 2023ರ ನವೆಂಬರಿನಲ್ಲಿ ಅಂತಿಮಗೊಳಿಸಿದ ಕ್ಯೂ14 ಮಾರ್ಗಸೂಚಿ ಇದನ್ನು ಅಭಿವೃದ್ಧಿಯ ಹಂತದಲ್ಲೇ ನೋಡಿ ಎನ್ನುತ್ತದೆ. ಮೆಥಡ್‌ನಿಂದ ನಮಗೆ ಬೇಕಾದದ್ದೇನು, ಎಷ್ಟು ನಿಖರತೆ ಬೇಕು ಅನ್ನುವುದನ್ನು ಮೊದಲು ಬರೆದುಕೊಂಡು ಆಮೇಲೆ ಕಾಲಮ್, ಬಫರ್ ಆರಿಸುವ ದಾರಿಯನ್ನೂ ಅದು ತೋರಿಸುತ್ತದೆ. ಕ್ವಾಲಿಟಿ ಬೈ ಡಿಸೈನ್, ಗುಣಮಟ್ಟವನ್ನು ವಿನ್ಯಾಸದಲ್ಲೇ ಕಟ್ಟುವುದು, ಅಂದರೆ ಇದೇ.

ತರಬೇತಿಗಳಲ್ಲಿ ಈ ಹೆಸರು ಧಾರಾಳವಾಗಿ ಕೇಳಿಬರುತ್ತದೆ. ಸ್ಲೈಡುಗಳು ಜಾಸ್ತಿ, ಯಂತ್ರದ ಮುಂದೆ ಕೂರುವುದು ಕಡಿಮೆ. ಸಾಫ್ಟ್‌ವೇರ್ ಬಿಡಿಸಿದ ಬಣ್ಣದ ನಕ್ಷೆ ತೋರಿಸಿ ಇದೇ ಸುರಕ್ಷಿತ ವಲಯ ಎನ್ನುತ್ತಾರೆ. ಸಾಫ್ಟ್‌ವೇರ್ ಲೆಕ್ಕಕ್ಕೆ ಬಳಸಿದ ಮಾಡೆಲ್ ತಪ್ಪಿದ್ದರೆ ನಕ್ಷೆಯೂ ತಪ್ಪೇ. ಆ ವಲಯದ ಅಂಚಿಗೆ ಹೋಗಿ ನಿಜವಾದ ಸ್ಯಾಂಪಲ್ ಓಡಿಸಿ ನೋಡುವುದನ್ನು ಎಲ್ಲರೂ ಕಲಿಸುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ಕಲಿಯುವವರ ಕೈಗೆ ಚೆನ್ನಾಗಿ ಓಡುವ ಒಂದು ಮೆಥಡ್ ಕೊಡಿ, ಅದನ್ನು ಬೇಕೆಂದೇ ಕೆಡಿಸಲು ಹೇಳಿ. ಪಿಎಚ್, ಕಾಲಮ್ ತಾಪಮಾನ, ಅಸಿಟೋನೈಟ್ರೈಲ್ ಪ್ರಮಾಣ ಈ ಮೂರನ್ನು ಎರಡೆರಡು ಮಟ್ಟದಲ್ಲಿ ಜೋಡಿಸಿದರೆ ಆಗುವುದು 8 ಪ್ರಯೋಗ. ನಡುಮಟ್ಟದಲ್ಲಿ ಇನ್ನು ಕೆಲವು ಸೇರಿಸಿದರೆ ಸಾಕು. ಒಂದೊಂದನ್ನೇ ಬದಲಿಸುತ್ತಾ ಹೋದರೆ ಒಂದರ ಪರಿಣಾಮ ಇನ್ನೊಂದರ ಮೇಲೆ ಹೇಗೆ ನಿಂತಿದೆ ಅನ್ನುವುದು ಕಾಣುವುದೇ ಇಲ್ಲ. ಕಡಿಮೆ ತಾಪಮಾನದಲ್ಲಿ ಏನೂ ಮಾಡದ ಪಿಎಚ್ ವ್ಯತ್ಯಾಸ, ಹೆಚ್ಚಿನ ತಾಪಮಾನದಲ್ಲಿ ಎರಡು ಪೀಕ್ ಕೂಡಿಸಿಬಿಡಬಹುದು. ಕಣ್ಣಾರೆ ಅದನ್ನು ಕಂಡವರು ಮರೆಯುವುದಿಲ್ಲ.

ಬೇರೆ ಬೇರೆ ಬ್ಯಾಚಿನ ಕಾಲಮ್‌ಗಳನ್ನೂ ಹಾಕಿ ನೋಡಲಿ. ದ್ರಾವಣದ ಮಿಶ್ರಣ ಓಟದ ನಡುವೆ ಬದಲಾಗುತ್ತಾ ಹೋಗುವ ಗ್ರೇಡಿಯೆಂಟ್ ಮೆಥಡ್ ಆದರೆ ಎರಡು ಬಗೆಯ ಯಂತ್ರದಲ್ಲಿ ಓಡಿಸಲಿ. ದ್ರಾವಣ ಬೆರೆಯುವ ಜಾಗದಿಂದ ಕಾಲಮ್ ತನಕದ ಡ್ವೆಲ್ ವಾಲ್ಯೂಮ್ ಎರಡು ಯಂತ್ರಗಳಲ್ಲಿ 0.8 ಮಿಲಿಲೀಟರ್ ಬೇರೆಯಾಗಿದ್ದರೆ, ನಿಮಿಷಕ್ಕೆ 0.5 ಮಿಲಿಲೀಟರ್ ಹರಿವಿನಲ್ಲಿ ಗ್ರೇಡಿಯೆಂಟ್ 1.6 ನಿಮಿಷ ತಡವಾಗಿ ಕಾಲಮ್ ಮುಟ್ಟುತ್ತದೆ. ಒಂದು ಲ್ಯಾಬಿನ ಮೆಥಡ್ ಇನ್ನೊಂದರಲ್ಲಿ ಕೈಕೊಡಲು ಇದೂ ಒಂದು ದೊಡ್ಡ ಕಾರಣ.

ಇನ್ನೊಂದು ಮಾತು. ಇಂಥ ತರಬೇತಿಗೆ ಮೆಥಡ್ ರೂಪಿಸುವವರನ್ನು ಮಾತ್ರ ಕಳಿಸುತ್ತಾರೆ. ದಿನಾ ಅದನ್ನು ಓಡಿಸುವ ಕ್ಯೂಸಿ (ಗುಣಮಟ್ಟ ನಿಯಂತ್ರಣ) ಹುಡುಗ ಹುಡುಗಿಯರನ್ನು ಯಾರೂ ಕರೆಯುವುದಿಲ್ಲ. ಪೀಕ್ ಯಾವಾಗ ಸರಿಯುತ್ತದೆ, ಯಾವ ಬಫರ್ ಬೇಗ ಹಾಳಾಗುತ್ತದೆ ಎಂದು ಗೊತ್ತಿರುವುದು ಅವರಿಗೇ. ಎರಡೂ ಕಡೆಯವರನ್ನು ಒಂದೇ ಬೆಂಚಿನಲ್ಲಿ ಕೂರಿಸಿ. ತಮ್ಮ ಲ್ಯಾಬಿನಲ್ಲಿ ಕಾಡುತ್ತಿರುವ ಒಂದು ಮೆಥಡ್ ಜೊತೆಗೆ ತರಲು ಹೇಳಿ. ತರಬೇತಿಯ ಕೊನೆಯ ದಿನ ಪೂರ್ತಿ ಅದಕ್ಕೇ ಇರಲಿ.

ಇಂತಿ,
ಔಷಧ ಪರೀಕ್ಷಾ ಲ್ಯಾಬಿನ ಹಿರಿಯ ಅನಲಿಸ್ಟ್