ಅವರ ಕಸುಬಿನಿಂದ ಶುರು ಮಾಡು

ಪ್ರೀತಿಯ ಗೆಳೆಯಾ,

ನಿಮ್ಮ ಓದುಬಳಗದಲ್ಲಿ ನಾಲ್ಕು ಭಾನುವಾರ ಅಮೆರಿಕದ ಕಪ್ಪು ಲೇಖಕರನ್ನು ಓದುತ್ತೀರಿ ಅಂತ ತಿಳಿದು ಬಹಳ ಸಂತೋಷವಾಯಿತು. ಆದರೆ ‘ನೋವಿನ ಸಾಹಿತ್ಯ’ ಅನ್ನುವ ತಲೆಬರಹ ಬೇಡ ಕಣೋ. ಆ ಹೆಸರು ಕೇಳಿದರೆ ಬಂದವರೆಲ್ಲ ಮರುಗುವುದಕ್ಕೆ ಸಿದ್ಧರಾಗಿ ಕೂರುತ್ತಾರೆ, ಬರವಣಿಗೆಯನ್ನು ನೋಡುವುದು ಮರೆತುಹೋಗುತ್ತದೆ. ಇವರಲ್ಲಿ ಅನೇಕರು ಬರೆಯುವುದರ ಜೊತೆಗೆ ಇನ್ನೊಂದು ಕಸುಬನ್ನೂ ಚೆನ್ನಾಗಿ ಬಲ್ಲವರು. ಆ ಕಸುಬಿನ ಗುರುತು ಪುಟದ ಮೇಲೇ ಸಿಗುತ್ತದೆ.

ಮೊದಲ ವಾರ ಟೋನಿ ಮಾರಿಸನ್ ಇರಲಿ. ಆದರೆ ಅವರ ‘ಬಿಲವೆಡ್’ ಕಾದಂಬರಿಯಿಂದ ಶುರು ಮಾಡಬೇಡ. ಅದರಲ್ಲಿ ಕಾಲ ಹೇಳದೆ ಕೇಳದೆ ಹಿಂದೆ ಮುಂದೆ ಜಿಗಿಯುವುದರಿಂದ, ಹೊಸಬರು ಮೂವತ್ತು ಪುಟದೊಳಗೆ ಕೈಬಿಡುತ್ತಾರೆ. 1970ರ ‘ದಿ ಬ್ಲೂಯೆಸ್ಟ್ ಐ’ ತೆಗೆದುಕೋ, ಸುಮಾರು ಇನ್ನೂರು ಪುಟ. ಅದನ್ನು ಬರೆಯುವ ಕಾಲಕ್ಕೆ ಮಾರಿಸನ್ ಇಬ್ಬರು ಗಂಡುಮಕ್ಕಳನ್ನು ಸಾಕಿಕೊಂಡು ಸಿರಕ್ಯೂಸ್‌ನಲ್ಲಿ ಶಾಲಾ ಪಠ್ಯಪುಸ್ತಕಗಳ ಸಂಪಾದಕಿಯಾಗಿ ದುಡಿಯುತ್ತಿದ್ದರು. ಕಾದಂಬರಿ ತೆರೆದುಕೊಳ್ಳುವುದೂ ಮಕ್ಕಳ ಪಾಠದಿಂದಲೇ: ಹಸಿರು-ಬಿಳಿ ಮನೆ, ಕೆಂಪು ಬಾಗಿಲು, ಅಪ್ಪ, ಅಮ್ಮ, ಡಿಕ್, ಜೇನ್. ಅದೇ ಪಾಠ ಮೂರು ಸಲ ಬರುತ್ತದೆ. ಮೊದಲನೆಯದು ಸರಿಯಾಗಿದೆ, ಎರಡನೆಯದರಲ್ಲಿ ಪೂರ್ಣವಿರಾಮಗಳಿಲ್ಲ, ಮೂರನೆಯದರಲ್ಲಿ ಪದಗಳ ನಡುವಿನ ಜಾಗವೂ ಇಲ್ಲ. ಮುಂದೆ ಅದರದೇ ಚೂರುಗಳು ಕೆಲವು ಅಧ್ಯಾಯಗಳ ತಲೆಯ ಮೇಲೆ ಕೂರುತ್ತವೆ. ಬಿಳಿಯರ ಮನೆಯ ಆ ನೆಮ್ಮದಿ ಕಪ್ಪು ಹುಡುಗಿಯೊಬ್ಬಳ ಕಿವಿಗೆ ಹೇಗೆ ಗದ್ದಲವಾಗುತ್ತದೆ ಅನ್ನುವುದನ್ನು ಒಂದೂ ವಿವರಣೆಯಿಲ್ಲದೆ ಕಾಣಿಸಿಬಿಟ್ಟರು!

ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ, ಮಾಡಿಸು. ಒಂದನೇ ತರಗತಿಯ ಕನ್ನಡ ಪುಸ್ತಕದಿಂದ ಐದು ಸಾಲು ಆರಿಸಿ, ಒಂದೇ ಹಾಳೆಯಲ್ಲಿ ಮೂರು ಬಗೆಯಲ್ಲಿ ಬರೆದು, ತಲೆಗೊಂದು ಪ್ರತಿ ಕೊಡು. ಆದರೆ ಕಣ್ಣಿನಲ್ಲೇ ಓದಲು ಬಿಡಬೇಡ. ಜಾಗವಿಲ್ಲದ ಕನ್ನಡಕ್ಕೆ ನಮ್ಮ ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ, ನಮ್ಮ ಹಳೆಯ ಶಾಸನಗಳೇ ಹಾಗಿವೆಯಲ್ಲ. ಮೂರನೆಯದನ್ನು ಒಂದೇ ಉಸಿರಿಗೆ ಗಟ್ಟಿಯಾಗಿ ಓದಿಸು. ಉಸಿರು ಕಟ್ಟಿದಾಗ ತಾನೇ ಅರ್ಥವಾಗುತ್ತದೆ.

‘ಬಿಲವೆಡ್’ ಎರಡನೇ ವಾರಕ್ಕೆ. ಪುಸ್ತಕ ತೆರೆಯುವ ಮುಂಚೆ ಅದರ ಬೇರನ್ನು ತೋರಿಸು. ನ್ಯೂಯಾರ್ಕಿನ ರ‍್ಯಾಂಡಮ್ ಹೌಸ್‌ನಲ್ಲಿ ಸಂಪಾದಕಿಯಾಗಿದ್ದಾಗ ಮಾರಿಸನ್ ‘ದಿ ಬ್ಲ್ಯಾಕ್ ಬುಕ್’ (1974) ಹೊರತಂದರು. ಹಳೆಯ ಪತ್ರಿಕೆಗಳ ತುಣುಕು, ಫೋಟೋ, ಪೇಟೆಂಟ್ ಪತ್ರ, ಗುಲಾಮರ ಮಾರಾಟದ ಜಾಹೀರಾತು, ಹೀಗೆ ಸಂಗ್ರಾಹಕರ ಪೆಟ್ಟಿಗೆಗಳಲ್ಲಿದ್ದದ್ದನ್ನು ಜೋಡಿಸಿದ ಪುಸ್ತಕ ಅದು. 1856ರಲ್ಲಿ ಕೆಂಟಕಿಯಿಂದ ಓಹಾಯೋ ನದಿ ದಾಟಿ ಓಡಿಹೋದ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು, ಹಿಡಿಯಲು ಬಂದವರ ಕೈಗೆ ಕೊಡಲೊಲ್ಲದೆ ತನ್ನ ಮಗುವನ್ನೇ ಕೊಂದ ಸುದ್ದಿ ಅವರಿಗೆ ಸಿಕ್ಕಿದ್ದು ಈ ಕೆಲಸದಲ್ಲೇ. ಕಾದಂಬರಿ ಬಂದದ್ದು 1987ರಲ್ಲಿ. ಗಾರ್ನರಳ ಬದುಕನ್ನು ಅವರು ಬೇಕೆಂದೇ ಹೆಚ್ಚು ಕೆದಕಲಿಲ್ಲ, ಕಲ್ಪನೆಗೆ ಜಾಗ ಉಳಿಯಲಿ ಅಂತ. ಮೊಹಮ್ಮದ್ ಅಲಿ, ಏಂಜೆಲಾ ಡೇವಿಸ್ ಅವರ ಆತ್ಮಕಥೆಗಳನ್ನು ಸಂಪಾದಿಸಿದ್ದೂ ಇವರೇ. ನೊಬೆಲ್ ಬಂದದ್ದು 1993ರಲ್ಲಿ. ನೊಬೆಲ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಆ ಸಂಪಾದಕಿಯ ಮೇಜಿನ ಬಗ್ಗೆ ನೀನು ಹೇಳು.

ಮೂರನೇ ವಾರದ ಜೋರಾ ನೀಲ್ ಹರ್ಸ್ಟನ್ ಮಾನವಶಾಸ್ತ್ರ ಕಲಿತವರು, ಫ್ರಾಂಜ್ ಬೋಯಸ್ ಅವರ ಶಿಷ್ಯೆ. 1860ರಲ್ಲಿ ‘ಕ್ಲೋಟಿಲ್ಡಾ’ ಹಡಗಿನಲ್ಲಿ ಆಫ್ರಿಕಾದಿಂದ ಕದ್ದು ತಂದವರಲ್ಲಿ ಒಬ್ಬರಾದ ಕಡ್ಜೋ ಲೂಯಿಸ್ ಎಂಬ ಮುದುಕರ ಮಾತನ್ನು ಅಲಬಾಮಾದಲ್ಲಿ ಬರೆದುಕೊಂಡರು. ಅವರನ್ನು ಕೊಸುಲಾ ಎಂಬ ಹುಟ್ಟುಹೆಸರಿನಿಂದ ಕರೆದರು. ಪೀಚ್, ಕಲ್ಲಂಗಡಿ ಒಯ್ದು ಜೊತೆಗೆ ಕೂತು ತಿಂದರು. ಆತ ಮಾತು ಬೇಡ ಎಂದ ದಿನ ಒತ್ತಾಯಿಸಲಿಲ್ಲ. ಫೋಟೋ ತೆಗೆಯುವ ದಿನ ಆತ ಒಳ್ಳೆಯ ಕೋಟು ಹಾಕಿಕೊಂಡು, ಕಾಲಿನ ಬೂಟು ಮಾತ್ರ ಕಳಚಿ ಬಂದರು, ಆಫ್ರಿಕಾದಲ್ಲಿ ಇದ್ದಂತೆ ಕಾಣಬೇಕು ಅಂತ. ಆಡುನುಡಿಯನ್ನು ತಿದ್ದಿ ಶಿಷ್ಟ ಭಾಷೆಯಲ್ಲಿ ಕೊಡಿ ಎಂದ ಪ್ರಕಾಶಕರಿಗೆ ಹರ್ಸ್ಟನ್ ಒಪ್ಪಲಿಲ್ಲ. ಆ ಮಾತುಗಳ ಪುಸ್ತಕ ‘ಬರಕೂನ್’ ಅಚ್ಚಾದದ್ದು 2018ರಲ್ಲಿ, ಅವರು ತೀರಿಕೊಂಡು ಐವತ್ತೆಂಟು ವರ್ಷದ ಮೇಲೆ.

ಇದನ್ನು ಕನ್ನಡಕ್ಕೆ ಬಾಯಿಮಾತಿನಲ್ಲಿ ಅನುವಾದಿಸುತ್ತಾ ಹೋಗುವಾಗ ಎರಡು ತಪ್ಪು ಆಗುತ್ತವೆ. ಒಂದು, ಪಠ್ಯಪುಸ್ತಕದ ಕನ್ನಡ ಮಾಡಿಬಿಡುವುದು. ಹರ್ಸ್ಟನ್ ಬೇಡವೆಂದದ್ದು ಅದನ್ನೇ. ಇನ್ನೊಂದು, ನಮ್ಮ ಯಾವುದೋ ಒಂದು ಜಿಲ್ಲೆಯ ಮಾತನ್ನು ಪೂರ್ತಿ ತೊಡಿಸುವುದು. ಆಗ ಕೊಸುಲಾ ಅಲಬಾಮಾ ಬಿಟ್ಟು ನಂಜನಗೂಡಿಗೆ ಬಂದು ನಿಲ್ಲುತ್ತಾರೆ. ಸಣ್ಣ ಸಣ್ಣ ವಾಕ್ಯ ಮಾಡು, ಆತ ಮತ್ತೆ ಮತ್ತೆ ಹೇಳಿದ ಮಾತನ್ನು ಮತ್ತೆ ಮತ್ತೆಯೇ ಹೇಳು. ಅಷ್ಟು ಸಾಕು.

ಕೊನೆಯ ವಾರ ಗಾರ್ಡನ್ ಪಾರ್ಕ್ಸ್. ಅಡವಿನಂಗಡಿಯಲ್ಲಿ ಕ್ಯಾಮೆರಾ ಕೊಂಡು ತಾವೇ ಕಲಿತವರು, ‘ಲೈಫ್’ ಪತ್ರಿಕೆಯ ಸಿಬ್ಬಂದಿಯಲ್ಲಿ ಮೊದಲ ಕಪ್ಪು ಛಾಯಾಗ್ರಾಹಕ. ತಮ್ಮ ‘ದಿ ಲರ್ನಿಂಗ್ ಟ್ರೀ’ (1963) ಕಾದಂಬರಿಯನ್ನು 1969ರಲ್ಲಿ ತಾವೇ ಸಿನಿಮಾ ಮಾಡಿದರು, ಸಂಗೀತವೂ ಅವರದೇ. ಸಮಯ ಉಳಿದರೆ ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ನ ಮೊದಲ ಅಧ್ಯಾಯವನ್ನಾದರೂ ಓದಿಸು. ಪಾತ್ರೆ ತೊಳೆದು, ಚಿಪ್ಸ್ ತಪಾಸಣೆಯ ಕೆಲಸ ಮಾಡಿ, ಬೆಳಗಿನ ಜಾವ ಎರಡಕ್ಕೇ ಎದ್ದು ಬರೆದವರು ಅವರು.

ಪಾರ್ಕ್ಸ್‌ಗೆ ಮಾತು ಕಡಿಮೆ ಇಟ್ಟುಕೋ. 1942ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ‘ಎಲ್ಲಾ ವಾಟ್ಸನ್’ ಎಂಬ ಹೆಂಗಸಿನ, ಪಾರ್ಕ್ಸ್ ತೆಗೆದ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಡು. ಹಿಂದೆ ಅಮೆರಿಕದ ಬಾವುಟ ಇಳಿಬಿದ್ದಿದೆ, ಆಕೆಯ ಒಂದು ಪಕ್ಕ ಪೊರಕೆ, ಇನ್ನೊಂದು ಪಕ್ಕ ನೆಲ ಒರೆಸುವ ಕೋಲು. ಎರಡು ನಿಮಿಷ ಯಾರೂ ಮಾತಾಡದೆ ನೋಡಲಿ, ಆಮೇಲೆ ‘ದಿ ಲರ್ನಿಂಗ್ ಟ್ರೀ’ಯ ಪುಟ ತೆಗೆ.

ನಿನ್ನ
ಗೆಳೆಯ