ಹಲ್ಲು ಕೀಳುವ ಮೊದಲು ವಸಡು ನೋಡಿ

ಮಾನ್ಯರೆ,

ವಸಡಿನ ಕ್ಯಾನ್ಸರನ್ನು ಮಾಮೂಲಿ ವಸಡು ರೋಗವೆಂದು ಭಾವಿಸಿ, ಅಲುಗಾಡುವ ಹಲ್ಲು ಕಿತ್ತು ಕಳಿಸುವುದು ನಿಲ್ಲಬೇಕು. ಸುತ್ತಲಿನ ಹಲ್ಲುಗಳು ಗಟ್ಟಿಯಿದ್ದು ಒಂದೇ ಹಲ್ಲು ಸಡಿಲಗೊಂಡರೆ, ಕಿತ್ತ ಕುಳಿ ಎರಡು ವಾರವಾದರೂ ಮಾಯದೆ ಮಾಂಸ ಉಬ್ಬಿದರೆ ಅನುಮಾನಿಸಲೇಬೇಕು. ಕಡ್ಡಿಪುಡಿ, ಎಲೆಅಡಿಕೆ ಮುಟ್ಟದವರಿಗೂ ಇದು ಬರುತ್ತದೆ. ಆಂಟಿಬಯಾಟಿಕ್ ಕೊಟ್ಟು ತಿಂಗಳುಗಟ್ಟಲೆ ದೂಡಿದರೆ ಗೆಡ್ಡೆ ದವಡೆ ಮೂಳೆಗೆ ಇಳಿಯುತ್ತದೆ. ಆಗ ಮೂಳೆಯ ಅಂಚಷ್ಟೇ ತೆಗೆದರೆ ಸಾಲದು, ದವಡೆಯ ಭಾಗವನ್ನೇ ಕತ್ತರಿಸಬೇಕಾಗಬಹುದು. ಬಯಾಪ್ಸಿಗೆ (ಅಂಗಾಂಶದ ಚೂರು ತೆಗೆದು ಮಾಡುವ ಕ್ಯಾನ್ಸರ್ ಪರೀಕ್ಷೆಗೆ) ಹುಣ್ಣಿನ ನಡುವಿನ ಕೊಳೆತ ಭಾಗವಲ್ಲ, ಅಂಚಿನ ಚೂರು ಬೇಕು. ಅದೂ ಅಂಗಾಂಶ ಕೆಡದಂತೆ ಕಾಯುವ ದ್ರಾವಣವಾದ ಶೇ 10ರ ಫಾರ್ಮಲಿನ್‌ನಲ್ಲಿ (ಸಲೈನ್‌ನಲ್ಲಿ ಹಾಕಿಟ್ಟರೆ ಮಾದರಿ ಕೆಡುತ್ತದೆ). ಮುಳಬಾಗಿಲು, ಶ್ರೀನಿವಾಸಪುರದಂಥ ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗದಲ್ಲಿ ಫಾರ್ಮಲಿನ್ ಬಾಟಲಿ ಇರಿಸಿ, ರೋಗಿಯನ್ನು ಅಲೆಸುವ ಬದಲು ಮಾದರಿಯನ್ನೇ ವಾರಕ್ಕೆರಡು ಬಾರಿ ಕೋಲಾರದ ಜಿಲ್ಲಾಸ್ಪತ್ರೆಗೆ ತಲುಪಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಲಿ.

– ಒಬ್ಬ ದಂತವೈದ್ಯ, ಕೋಲಾರ