ಭಾನುವಾರದ ವಿಷಯ: ಬಾಣದ ಮೊನೆಯೂ ಹಣವೇ

ಸದಸ್ಯರ ಗಮನಕ್ಕೆ,

ಈ ಭಾನುವಾರದ ಮಾತುಕತೆ ದುಂಡು ನಾಣ್ಯಗಳ ಬಗ್ಗೆ ಅಲ್ಲ. ಕ್ರಿ.ಪೂ. 6ನೇ ಶತಮಾನದಲ್ಲಿ ಕಪ್ಪು ಸಮುದ್ರದ ದಡದ ಗ್ರೀಕ್ ವಸಾಹತುಗಳಲ್ಲಿ ಕಂಚಿನ ಬಾಣದ ಮೊನೆಗಳು ಹಣವಾಗಿ ಚಲಾವಣೆಯಲ್ಲಿದ್ದವು. ಹರಿತವಿಲ್ಲದೆ, ಬಿಲ್ಲಿಗೆ ಹೂಡಲು ಬಾರದಂತೆ ಎರಕ ಹೊಯ್ದವೂ ಸಿಕ್ಕಿವೆ. ಅಂದರೆ ಅವು ಹುಟ್ಟುವಾಗಲೇ ಹಣ! ಇಂದಿನ ಉಕ್ರೇನಿನಲ್ಲಿರುವ ಓಲ್ಬಿಯಾದವರಂತೂ ಪುಟ್ಟ ಕಂಚಿನ ಡಾಲ್ಫಿನ್‌ಗಳನ್ನೇ ಎರಕ ಹೊಯ್ದರು. ಕೆಲವುಗಳ ಮೇಲೆ ಗ್ರೀಕ್ ಅಕ್ಷರಗಳೂ ಇವೆ. ಡಾಲ್ಫಿನ್ ಏಕೆ? ಆ ಊರಿನಲ್ಲಿ ಡಾಲ್ಫಿನ್ ರೂಪ ತಾಳಿದನೆಂಬ ಕಥೆಯಿರುವ ಅಪೊಲೋ ಡೆಲ್ಫಿನಿಯೋಸ್ ದೇವರ ಪೂಜೆ ನಡೆಯುತ್ತಿತ್ತು, ಅದರ ನಂಟು ಎನ್ನುವ ವಾದ ನನಗೆ ಹಿಡಿಸಿದೆ. ಒಪ್ಪದವರು ಅಂದು ಜಗಳಕ್ಕೆ ಸಿದ್ಧರಾಗಿ ಬನ್ನಿ.

ಚಿತ್ರಗಳನ್ನು ಶನಿವಾರದೊಳಗೆ ಹಾಕಿ. ಹರಾಜಿನ ಕೊಂಡಿಗಳು ಮಾತ್ರ ಬೇಡ.